ಊರೆಲ್ಲಿ ಕಣೋ?

ಅಮ್ಮ ಮೊದಲ ಸಲ ನಮ್ಮ ಮನೆಗೆ ಬಂದದ್ದು ಒಂದು ಮೇ ತಿಂಗಳ ಸಂಜೆ. ಹೀತ್ರೂದಲ್ಲಿ ಕಾರಿಗೆ ಹತ್ತಿಸಿಕೊಂಡು ಎಂ 1 ಹೆದ್ದಾರಿ ಹಿಡಿದು ಬಂದೆ. ಹಾಸನದಿಂದ ತಂದ ಹುರಿಗಾಳಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನಿದ್ದೆಗಣ್ಣಲ್ಲೂ ಕಿಟಕಿಯಾಚೆ ನೋಡುತ್ತ ಕೂತಿದ್ದಳು. 14ನೇ ಜಂಕ್ಷನ್ನಿನಲ್ಲಿ ಹೆದ್ದಾರಿ ಬಿಟ್ಟು ಎಚ್ 6 ರಸ್ತೆಗೆ ತಿರುಗಿದಾಗ "ಇನ್ನೆಷ್ಟು ದೂರ?" ಅಂದಳು. "ಬಂದೇಬಿಟ್ವಿ, ಊರೊಳಗೇ ಇದೀವಿ" ಅಂದೆ.

ಅಮ್ಮ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಎರಡೂ ಕಡೆ ಮರ. ಮುಂದೆ ಒಂದು ರೌಂಡಬೌಟ್, ಅದನ್ನು ಬಳಸಿಕೊಂಡು ಹೋದರೆ ಮತ್ತೆ ಮರ. ಇನ್ನೊಂದು ರೌಂಡಬೌಟ್, ಮತ್ತೆ ಮರ. ಒಂದು ಅಂಗಡಿಯಿಲ್ಲ, ಒಂದು ಬಾಗಿಲಿಲ್ಲ, ರಸ್ತೆ ಬದಿಯಲ್ಲಿ ನಡೆದುಹೋಗುವ ಒಂದು ನರಪಿಳ್ಳೆಯಿಲ್ಲ. ಐದಾರು ನಿಮಿಷ ತಡೆದುಕೊಂಡಳು. ಆಮೇಲೆ ಕೇಳಿಯೇಬಿಟ್ಟಳು: "ಊರೊಳಗಾ? ಊರೆಲ್ಲಿ ಕಣೋ?"

ಆಗ ನಗಾಡಿ ಸುಮ್ಮನಾದೆ. ಆದರೆ ಮಿಲ್ಟನ್ ಕೀನ್ಸ್ ಬಗ್ಗೆ ಅಮ್ಮ ಕೇಳಿದ್ದಕ್ಕಿಂತ ಸರಿಯಾದ ಪ್ರಶ್ನೆಯನ್ನು ನಾನು ಬೇರೆಯವರ ಬಾಯಲ್ಲಿ ಕೇಳಿಲ್ಲ. ಇಂಗ್ಲೆಂಡಿನವರಿಗೆ ಈ ಊರೆಂದರೆ ತಮಾಷೆ. ರೌಂಡಬೌಟುಗಳ ಊರು, ಕಾಂಕ್ರೀಟ್ ಹಸುಗಳ ಊರು, ಇತಿಹಾಸವಿಲ್ಲದ ಊರು. ಒಂದು ದಿನವೂ ಇಲ್ಲಿ ಉಳಿಯದವರೂ ಈ ಮೂರು ಮಾತನ್ನು ಸರಾಗವಾಗಿ ಹೇಳುತ್ತಾರೆ. ಅವರು ನೋಡಿರುವುದು ಅಮ್ಮ ನೋಡಿದ್ದನ್ನೇ. ಅಮ್ಮನಿಗೆ ಮಾತ್ರ ಇಲ್ಲಿ ಏನೋ ಕಾಣುತ್ತಿಲ್ಲ ಎಂಬ ಅನುಮಾನ ಬಂತು.

ಲಂಡನ್ನಿನಿಂದ ವಾಯವ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಬಕಿಂಗ್‌ಹ್ಯಾಮ್‌ಶೈರಿನ ಉತ್ತರದ ತುದಿಯಲ್ಲಿ, ಹೊಲ ಹುಲ್ಲುಗಾವಲುಗಳ ಮೇಲೆ ಎಬ್ಬಿಸಿದ ಊರಿದು. ಕಾಗದದ ಮೇಲೆ ಹುಟ್ಟಿದ ದಿನ 1967ರ ಜನವರಿ 23. ಅಂದು ಸರ್ಕಾರ ಸುಮಾರು 22 ಸಾವಿರ ಎಕರೆಗೆ ಗೆರೆ ಎಳೆದು, ಇಲ್ಲಿ ಎರಡೂವರೆ ಲಕ್ಷ ಜನರ ಹೊಸ ಊರು ಏಳುತ್ತದೆ ಎಂದು ಘೋಷಿಸಿತು. ಗೆರೆಯೊಳಗೆ ಆಗಲೇ ಮೂರು ಪುಟ್ಟ ಪೇಟೆಗಳಿದ್ದವು. ರೋಮನ್ನರ ಕಾಲದ ವ್ಯಾಟ್ಲಿಂಗ್ ಸ್ಟ್ರೀಟ್ ಮೇಲೆ ಕುದುರೆಗಾಡಿಗಳು ತಂಗುತ್ತಿದ್ದ ಸ್ಟೋನಿ ಸ್ಟ್ರಾಟ್‌ಫರ್ಡ್, 1838ರ ಹೊತ್ತಿಗೆ ರೈಲ್ವೆ ಕಂಪನಿಯೇ ಕಾರ್ಖಾನೆಯ ಜೊತೆಗೆ ಕಟ್ಟಿಸಿದ ವುಲ್ವರ್ಟನ್, ದಕ್ಷಿಣದಲ್ಲಿ ಬ್ಲೆಚ್ಲಿ. ಜೊತೆಗೆ ಹನ್ನೆರಡಕ್ಕೂ ಹೆಚ್ಚು ಹಳ್ಳಿಗಳು. ಅವುಗಳಲ್ಲಿ ಒಂದರ ಹೆಸರು ಮಿಲ್ಟನ್ ಕೀನ್ಸ್. ಆ ಹೆಸರನ್ನೇ ಇಡೀ ಊರಿಗೆ ಇಟ್ಟರು.

ಕವಿ ಮಿಲ್ಟನ್ನನನ್ನೂ ಅರ್ಥಶಾಸ್ತ್ರಜ್ಞ ಕೇನ್ಸ್‌ನನ್ನೂ ಸೇರಿಸಿ ಮಾಡಿದ ಹೆಸರು ಇದೆಂದು ನಾನೂ ಬಹಳ ದಿನ ನಂಬಿದ್ದೆ. ಆಫೀಸಿನಲ್ಲಿ ಅದನ್ನು ದೊಡ್ಡ ಪಂಡಿತನ ಹಾಗೆ ಹೇಳಿ ನಗೆಪಾಟಲಾಗಿದ್ದೂ ಉಂಟು. ಮಿಡ್ಲ್‌ಟನ್, ಅಂದರೆ ನಡುವಿನ ಹಳ್ಳಿ, ಬಾಯಲ್ಲಿ ಸವೆದು ಮಿಲ್ಟನ್ ಆಯಿತು. ಕೀನ್ಸ್ ಎಂಬುದು ನಾರ್ಮನ್ನರ ಕಾಲದಲ್ಲಿ ಬಂದು ಈ ಹಳ್ಳಿಯ ಒಡೆಯರಾದ ಮನೆತನದ ಹೆಸರು. ಇತಿಹಾಸವಿಲ್ಲದ ಊರಿನ ಹೆಸರಿಗೇ ಎಂಟುನೂರು ವರ್ಷದ ಹತ್ತಿರ ಹತ್ತಿರ ವಯಸ್ಸಾಗಿದೆ.

ರಸ್ತೆಗಳ ಲೆಕ್ಕ ಬೆಂಗಳೂರಿನ ಬಡಾವಣೆಗಳಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಮೇನ್ ಮತ್ತು ಕ್ರಾಸ್, ಇಲ್ಲಿ ಎಚ್ ಮತ್ತು ವಿ. ಅಡ್ಡ ಹೋಗುವವು ಎಚ್ 1ರಿಂದ ಎಚ್ 10, ಉದ್ದ ಹೋಗುವವು ವಿ 1ರಿಂದ ವಿ 11. ಅಡ್ಡದವಕ್ಕೆ ಹೆಸರಿನ ಕೊನೆಗೆ 'ವೇ', ಉದ್ದದವಕ್ಕೆ 'ಸ್ಟ್ರೀಟ್'. ಎಚ್ 6 ಚೈಲ್ಡ್ಸ್ ವೇ, ವಿ 7 ಸ್ಯಾಕ್ಸನ್ ಸ್ಟ್ರೀಟ್. ನಡುಪೇಟೆಗೆ ಹೋದರೆ ಅಪ್ಪರ್ 4ನೇ ಸ್ಟ್ರೀಟ್, ಲೋವರ್ 10ನೇ ಸ್ಟ್ರೀಟ್ ಎಂಬ ಬೋರ್ಡುಗಳು. ಅವನ್ನು ಕಂಡಾಗ ನನಗೆ ಜಯನಗರದಲ್ಲೇ ಎಲ್ಲೋ ದಾರಿ ತಪ್ಪಿದ ಹಾಗಾಗುತ್ತದೆ. ವ್ಯತ್ಯಾಸ ಇಷ್ಟೆ: ನಮ್ಮ ಮೇನ್ ರೋಡಿನಲ್ಲಿ ಎರಡು ಹೆಜ್ಜೆಗೊಂದು ಗೇಟು, ಗೇಟಿನ ಮುಂದೆ ರಂಗೋಲಿ, ರಂಗೋಲಿಯ ಪಕ್ಕದಲ್ಲೇ ಸ್ಕೂಟರು. ಇಲ್ಲಿ ಸುಮಾರು ಒಂದು ಕಿಲೋಮೀಟರಿಗೊಂದರಂತೆ ಹಾಯ್ದ ಈ ದೊಡ್ಡ ರಸ್ತೆಗಳಿಗೆ ಒಂದು ಮನೆಯೂ ಮುಖಮಾಡಿ ನಿಂತಿಲ್ಲ. ಎರಡು ಬದಿಗೂ ದಿಬ್ಬ, ದಿಬ್ಬದ ಮೇಲೆ ಮರ, ಅದರಾಚೆ ಮನೆಗಳ ಬೆನ್ನು. ಜೋಡಿರಸ್ತೆಗಳಲ್ಲಿ ಹಲವು ಕಡೆ ಗಂಟೆಗೆ 70 ಮೈಲಿ ವೇಗದಲ್ಲಿ ಹೋಗಬಹುದು. ಊರೊಳಗೆ!

ನಾನು ಬಂದ ಮೊದಲ ಚಳಿಗಾಲದಲ್ಲಿ ನನ್ನ ಹತ್ತಿರ ಕಾರಿರಲಿಲ್ಲ. ಒಂದು ಸಂಜೆ ಸೂಪರ್‌ಮಾರ್ಕೆಟ್ಟಿನಿಂದ ಎರಡು ಕೈಯಲ್ಲೂ ಚೀಲ ಹಿಡಿದು ಮನೆಗೆ ಹೊರಟೆ. ಫೋನಿನಲ್ಲಿ ನೇರ ದಾರಿ ಕಂಡಿತು, ಅದನ್ನೇ ಹಿಡಿದೆ. ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಫುಟ್‌ಪಾತ್ ಮುಗಿಯಿತು. ಮುಗಿಯಿತು ಅನ್ನುವುದಕ್ಕಿಂತ, ಅದು ಪಕ್ಕಕ್ಕೆ ಹೊರಳಿ ಪೊದೆಗಳ ನಡುವೆ ಎಲ್ಲೋ ಇಳಿದುಹೋಯಿತು, ನಾನು ಹೋಗಲಿಲ್ಲ. ಒದ್ದೆ ಹುಲ್ಲಿನ ಮೇಲೆ, ಪಕ್ಕದಲ್ಲಿ ಲಾರಿಗಳು ಗಾಳಿ ಹೊಡೆದು ಹೋಗುತ್ತಿರುವಾಗ, ಅಕ್ಕಿ ಚೀಲದ ಹಿಡಿ ಬೆರಳು ಕೊಯ್ಯುತ್ತಿರುವಾಗ, ಒಂದೂವರೆ ಕಿಲೋಮೀಟರ್ ನಡೆದೆ. ಒಬ್ಬ ಹಾರ್ನ್ ಹೊಡೆದ. ಈ ದೇಶದಲ್ಲಿ ಹಾರ್ನ್ ಕೇಳಿದ್ದು ಅದೇ ಮೊದಲು. ಮನೆ ಸೇರುವಷ್ಟರಲ್ಲಿ ಈ ಊರು ಕಟ್ಟಿದವರ ಮೇಲೆಲ್ಲ ಸಿಟ್ಟು ಬಂದಿತ್ತು.

ಮಾರನೆಯ ದಿನ ಸಹೋದ್ಯೋಗಿಯೊಬ್ಬರ ಹತ್ತಿರ ಗೋಳು ಹೇಳಿಕೊಂಡೆ. ಅರವತ್ತರ ಆಸುಪಾಸಿನವರು, ಇಲ್ಲೇ ಬೆಳೆದವರು. ಅವರು ನಗಲಿಲ್ಲ. "ಆ ಪೊದೆಯೊಳಗೆ ಇಳಿದುಹೋಯಿತು ಅಂದಿರಲ್ಲ, ಅದೇ ನಿಮ್ಮ ರಸ್ತೆ" ಅಂದರು. ನಾನು ಅರ್ಥವಾಗದೆ ನೋಡಿದೆ. "ನೀವು ನಡೆದದ್ದು ಕಾರಿನ ಊರಿನಲ್ಲಿ. ನಡೆಯುವವರ ಊರು ಅದರ ಕೆಳಗಿದೆ."

ಕೆಂಪು ಡಾಂಬರಿನ ದಾರಿಗಳು. ಇಲ್ಲಿಯವರು 'ರೆಡ್‌ವೇ' ಅನ್ನುತ್ತಾರೆ. ನಡೆಯುವವರಿಗೂ ಸೈಕಲ್ಲಿನವರಿಗೂ ಸೇರಿ ಒಂದೇ. ದೊಡ್ಡ ರಸ್ತೆ ಎದುರಾದಲ್ಲೆಲ್ಲ ಅದರ ಕೆಳಗೆ ನುಸುಳಿ, ಇಲ್ಲವೇ ಸೇತುವೆ ಹತ್ತಿ ಆಚೆ ಇಳಿಯುತ್ತವೆ. ಎಲ್ಲ ಸೇರಿದರೆ 300 ಕಿಲೋಮೀಟರಿಗೂ ಹೆಚ್ಚು. ಅಂದರೆ ಒಂದೇ ನೆಲದಲ್ಲಿ ಎರಡು ಊರು, ಒಂದಕ್ಕೊಂದು ತಾಗದ ಹಾಗೆ. ಮೇಲಿನದು ತಾನಾಗಿ ಕಾಣುತ್ತದೆ, ಕೆಳಗಿನದಕ್ಕೆ ಗುರುತಿನವರು ಬೇಕು.

ಇಂಥದೊಂದನ್ನು ಯಾಕೆ ಕಟ್ಟಿದರು? ಎರಡನೇ ಮಹಾಯುದ್ಧ ಮುಗಿದಾಗ ಲಂಡನ್ನಿನಲ್ಲಿ ಬಾಂಬಿಗೆ ಬಿದ್ದ ಮನೆಗಳೆಷ್ಟೋ, ಬೀಳದೆ ಉಳಿದರೂ ಮನುಷ್ಯರು ಇರಲಾಗದಂಥವು ಎಷ್ಟೋ. ಮಹಾನಗರವನ್ನು ಹಿಗ್ಗಿಸುವ ಬದಲು ದೂರದಲ್ಲಿ ಕೆಲಸ, ಮನೆ, ಶಾಲೆ ಎಲ್ಲವೂ ಇರುವ ಹೊಸ ಊರು ಕಟ್ಟಬೇಕೆಂಬ ಆಸೆ ಹಳೆಯದು. ಎಬೆನೆಜರ್ ಹವರ್ಡ್ ಎಂಬಾತ 1898ರಲ್ಲೇ ಅದನ್ನು ಬರೆದಿಟ್ಟು, 1903ರಲ್ಲಿ ಲೆಚ್‌ವರ್ತ್ ಎಂಬ ಉದ್ಯಾನನಗರವನ್ನು ಶುರುಮಾಡಿಸಿದ್ದ. ಯುದ್ಧದ ನಂತರ ಲೇಬರ್ ಸರ್ಕಾರ 1946ರಲ್ಲಿ ಕಾಯಿದೆ ಮಾಡಿತು, ಅದೇ ವರ್ಷ ಸ್ಟೀವನೇಜ್ ಮೊದಲನೆಯದಾಯಿತು. ಅಲ್ಲಿನ ಹಳಬರಿಗೆ ಇದು ಬೇಕಿರಲಿಲ್ಲ. ಮಂತ್ರಿಯ ಹೆಸರು ಸಿಲ್ಕಿನ್ ಎಂದಿದ್ದರಿಂದ ರೈಲು ನಿಲ್ದಾಣದ ಬೋರ್ಡನ್ನು ರಾತ್ರೋರಾತ್ರಿ 'ಸಿಲ್ಕಿನ್‌ಗ್ರಾಡ್' ಎಂದು ಬದಲಿಸಿದ್ದರಂತೆ. ಮಿಲ್ಟನ್ ಕೀನ್ಸ್ ಈ ಸಾಲಿನ ಕೊನೆಯವುಗಳಲ್ಲಿ ಒಂದು, ಗಾತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು.

ಅರವತ್ತರ ದಶಕದ ಮೊದಲಲ್ಲಿ ಜಿಲ್ಲೆಯ ವಾಸ್ತುಶಿಲ್ಪಿಯಾಗಿದ್ದ ಫ್ರೆಡ್ ಪೂಲಿ ಎಂಬುವರ ತಲೆಯಲ್ಲಿದ್ದದ್ದು ಬೇರೆಯೇ ಊರು. ಒಂಟಿಹಳಿಯ ರೈಲು, ಮಾನೋರೈಲು, ಮಾಲೆಯ ಹಾಗೆ ಸುತ್ತುತ್ತದೆ. ಮಣಿಗಳಂತೆ ಅದರುದ್ದಕ್ಕೂ ಐದೈದು ಸಾವಿರ ಜನರ ಪುಟ್ಟ ಊರುಗಳು. ಯಾರ ಮನೆಯಿಂದಲೂ ನಿಲ್ದಾಣಕ್ಕೆ ಏಳು ನಿಮಿಷದ ನಡಿಗೆ. ಟಿಕೆಟ್ಟಿಲ್ಲ, ಖರ್ಚು ಕಂದಾಯದಲ್ಲೇ ಕಳೆಯುತ್ತದೆ. ಜನ ಅದನ್ನು 'ಪೂಲಿವಿಲ್' ಎಂದು ಕರೆದು ನಕ್ಕರು. ಸರ್ಕಾರ ಜಾಗವನ್ನು ಒಪ್ಪಿತು, ರೈಲನ್ನು ಬಿಟ್ಟಿತು. ಈಗ ಹಿಂದಿರುಗಿ ನೋಡಿದರೆ, ಆ ನಗು ಬಹಳ ದುಬಾರಿಯ ನಗು ಅನ್ನಿಸುತ್ತದೆ.

ಊರು ಕಟ್ಟುವ ಹೊಣೆ ಬಿದ್ದದ್ದು ಅಭಿವೃದ್ಧಿ ನಿಗಮಕ್ಕೆ. ಅದರ ಅಧ್ಯಕ್ಷರು ಲಾರ್ಡ್ ಕ್ಯಾಂಪ್‌ಬೆಲ್. ಗಯಾನಾದಲ್ಲಿ ಕಬ್ಬಿನ ತೋಟಗಳಿದ್ದ ಕಂಪನಿಯ ಮುಖ್ಯಸ್ಥರಾಗಿದ್ದವರು, ಕೂಲಿಗಳ ಪಾಡು ಕಂಡು ಸಮಾಜವಾದಿಯಾದವರು. 1967ರಿಂದ 1983ರವರೆಗೆ ಅವರೇ ಕೂತಿದ್ದರು. 1970ರಲ್ಲಿ ಬಂದ ಯೋಜನೆಯನ್ನು ಬರೆದದ್ದು ಲೆವೆಲಿನ್-ಡೇವಿಸ್ ಅವರ ಸಂಸ್ಥೆ. ಅವರ ಮೇಲೆ ದೂರದ ಕ್ಯಾಲಿಫೋರ್ನಿಯಾದ ಪ್ರೊಫೆಸರೊಬ್ಬರ ಪ್ರಭಾವವಿತ್ತು, ಮೆಲ್ವಿನ್ ವೆಬರ್ ಅಂತ. ವೆಬರ್ ಹೇಳುತ್ತಿದ್ದುದರ ಸಾರ ಇದು: ಕಾರು, ಟೆಲಿಫೋನು ಬಂದಮೇಲೆ ನಂಟು ಬೆಳೆಯಲು ಅಕ್ಕಪಕ್ಕದ ಮನೆಯೇ ಆಗಬೇಕಿಲ್ಲ; ಮನುಷ್ಯ ತನಗೆ ಬೇಕಾದವರನ್ನು ಹುಡುಕಿಕೊಂಡು ಹೋಗುತ್ತಾನೆ, ಊರು ಅವನಿಗೆ ಹೋಗಲು ದಾರಿ ಕೊಟ್ಟರೆ ಸಾಕು. ಹಾಗಾಗಿ ನಡುವೆ ಕಿಕ್ಕಿರಿದ ಪೇಟೆ ಬೇಡ, ಕೆಲಸದ ಜಾಗಗಳು ಎಲ್ಲ ಕಡೆ ಹರಡಿರಲಿ, ಎಲ್ಲಿಂದ ಎಲ್ಲಿಗಾದರೂ ಸಮನಾಗಿ ಹೋಗಲಿ. ಚೌಕಳಿ ರಸ್ತೆ ಹುಟ್ಟಿದ್ದು ಈ ನಂಬಿಕೆಯಿಂದ.

ನನಗೆ ಈ ವಾದದಲ್ಲಿ ಮೋಸ ಕಾಣುವುದು ಒಂದೇ ಕಡೆ. 'ಮನುಷ್ಯ' ಎಂದಾಗ ಅವರ ಕಣ್ಣ ಮುಂದೆ ಇದ್ದವನು ಕಾರಿನ ಕೀಲಿ ಇರುವ ಮನುಷ್ಯ. ಹದಿನಾಲ್ಕರ ಹುಡುಗ, ಎಪ್ಪತ್ತು ದಾಟಿದ ಅಜ್ಜಿ, ಮೊದಲ ಸಂಬಳಕ್ಕೆ ಕಾಯುತ್ತಿರುವ ನನ್ನಂಥವನು ಅಲ್ಲಿರಲಿಲ್ಲ. ಮನೆಗಳು ವಿರಳವಾಗಿ ಹರಡಿದ್ದರಿಂದ ಯಾವ ಬಸ್ಸಿಗೂ ಸಾಕಷ್ಟು ಜನ ಸಿಗುವುದಿಲ್ಲ. ಜನರಿಲ್ಲವೆಂದು ಬಸ್ಸು ಬರುವುದಿಲ್ಲ. ಬಸ್ಸಿಲ್ಲವೆಂದು ಜನ ಕಾರು ಕೊಳ್ಳುತ್ತಾರೆ. ನಾನೂ ಆರನೇ ತಿಂಗಳಿಗೆ ಕೊಂಡೆ.

ಆದರೆ ಅದೇ ವೆಬರ್ ಮಾತು ಈ ಊರಿನಲ್ಲಿ ಒಂದು ಕಡೆ ಅಕ್ಷರಶಃ ನಿಜವಾಗಿದೆ. ಓಪನ್ ಯೂನಿವರ್ಸಿಟಿ 1969ರಿಂದ ಇಲ್ಲಿನ ವಾಲ್ಟನ್ ಹಾಲ್‌ನಲ್ಲಿದೆ. ದೊಡ್ಡ ಕ್ಯಾಂಪಸ್ಸು, ಗ್ರಂಥಾಲಯ, ಪ್ರಯೋಗಾಲಯ, ಪ್ರೊಫೆಸರುಗಳು, ಎಲ್ಲ ಇದ್ದಾರೆ. ತರಗತಿಗೆ ಓಡುವ ಹುಡುಗ ಹುಡುಗಿಯರು ಮಾತ್ರ ಇಲ್ಲ. ಅವರು ಅಡುಗೆಮನೆಗಳಲ್ಲಿ, ರಾತ್ರಿಪಾಳಿಯ ಕೋಣೆಗಳಲ್ಲಿ ಕೂತು ಓದುತ್ತಿದ್ದಾರೆ. ಇನ್ನು ಬ್ಲೆಚ್ಲಿ ಪಾರ್ಕಿನ ಕತೆ ಎಲ್ಲರಿಗೂ ಗೊತ್ತು. ಯುದ್ಧದಲ್ಲಿ ಜರ್ಮನರ ಸಂಕೇತಲಿಪಿ ಒಡೆಯಲು ಸಾವಿರಾರು ಜನ ದುಡಿದರು, ಎಪ್ಪತ್ತರ ದಶಕದವರೆಗೆ ಪಕ್ಕದ ಬೀದಿಯವರಿಗೂ ವಿಷಯ ಗೊತ್ತಿರಲಿಲ್ಲ. ಹೊಸ ಊರು ಬರುವ ಮೊದಲೇ ಇದು ಮರೆಯಲ್ಲಿ ಬದುಕಲು ಕಲಿತ ನೆಲ.

ಮರಗಳ ವಿಷಯಕ್ಕೆ ಬರುತ್ತೇನೆ. 1970ರಿಂದ 1976ರವರೆಗೆ ನಿಗಮದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಡೆರೆಕ್ ವಾಕರ್‌ಗೆ ಊರು ಕಾಡಿನೊಳಗೆ ಇರಬೇಕು ಎಂಬ ಹಠವಿತ್ತು. ಅತಿ ಎತ್ತರದ ಮರವನ್ನು ಮೀರಿ ಯಾವ ಕಟ್ಟಡವೂ ಏಳಬಾರದು ಎಂಬುದು ಆಗಿನ ನೇಮ. (ಈಗ ನಡುಪೇಟೆಯಲ್ಲಿ ಹದಿನಾಲ್ಕು ಅಂತಸ್ತಿನ ಹೋಟೆಲು ಎದ್ದಿದೆ. ಅಷ್ಟು ಎತ್ತರದ ಮರ ನಾನಂತೂ ಇಲ್ಲಿ ಕಂಡಿಲ್ಲ.) ಗಿಡ ಮರ ಪೊದೆ ಎಲ್ಲ ಸೇರಿ 2 ಕೋಟಿಗೂ ಮಿಕ್ಕಿ ನೆಟ್ಟರು. ಮೂಲ ಯೋಜನೆಯಲ್ಲಿ ಎರಡು ಚೌಕಗಳ ನಡುವಿನ ರಸ್ತೆಯ ಪಕ್ಕದಲ್ಲೇ, ಕಾಲುದಾರಿ ದಾಟುವಲ್ಲಿ, ಅಂಗಡಿ, ಶಾಲೆ, ಬಸ್ ನಿಲ್ದಾಣ ಬರಬೇಕಿತ್ತು. ಆಚೆಯವರೂ ಈಚೆಯವರೂ ಅಲ್ಲಿ ಸೇರಲಿ ಅಂತ. ಮರದ ಗೋಡೆ ಎದ್ದಮೇಲೆ ಪ್ರತಿ ಚೌಕವೂ ಒಳಕ್ಕೆ ತಿರುಗಿ ಕೂತಿತು. ನಮ್ಮ ಬಡಾವಣೆಯ ಪಕ್ಕದ ಬಡಾವಣೆಯಲ್ಲಿ ಯಾರಿದ್ದಾರೆಂದು ನನಗೆ ಈಗಲೂ ಗೊತ್ತಿಲ್ಲ, ನಡುವೆ ಇರುವುದು ಒಂದು ರಸ್ತೆ.

ಆ ಹಿರಿಯ ಸಹೋದ್ಯೋಗಿ ಎಪ್ಪತ್ತರ ದಶಕದಲ್ಲಿ, ಹತ್ತು ವರ್ಷದ ಹುಡುಗನಾಗಿದ್ದಾಗ, ಲಂಡನ್ನಿನಿಂದ ಇಲ್ಲಿಗೆ ಬಂದವರು. ಅಲ್ಲಿ ಎರಡು ಕೋಣೆಯಲ್ಲಿ ಆರು ಜನ, ಪಾಯಿಖಾನೆ ಹಿತ್ತಲಲ್ಲಿ. ಅವರ ಅಪ್ಪನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಕೆಲಸದ ಜೊತೆಗೆ ಬಾಡಿಗೆಮನೆಯೂ ಸಿಕ್ಕಿತು. ನೆದರ್‌ಫೀಲ್ಡ್ ಎಂಬ ಬಡಾವಣೆ. "ಮೊದಲ ದಿನ ನಾವು ಮಕ್ಕಳೆಲ್ಲ ಸಾಲಾಗಿ ನಿಂತು ಸ್ನಾನದ ಮನೆಯ ನಲ್ಲಿ ತಿರುಗಿಸಿದೆವು. ಬಿಸಿನೀರು ಬಂತು. ಅಮ್ಮ ಅತ್ತುಬಿಟ್ಟರು" ಎಂದರು. ಮೂರನೇ ತಿಂಗಳು ಮಾಡು ಸೋರತೊಡಗಿತಂತೆ.

ಒಂದು ಶನಿವಾರ ಅವರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಉದ್ದಕ್ಕೆ, ಕಣ್ಣು ಹೋಗುವವರೆಗೆ, ಗೆರೆ ಎಳೆದ ಹಾಗೆ ಮನೆಗಳ ಸಾಲು. ಮಾಡಿನ ಮಟ್ಟ ಎಲ್ಲೂ ಬದಲಾಗುವುದಿಲ್ಲ. ನೆಲ ತಗ್ಗಿದಲ್ಲಿ ಮನೆಗೆ ಒಂದು ಮಹಡಿ ಹೆಚ್ಚು, ಉಬ್ಬಿದಲ್ಲಿ ಕಡಿಮೆ. ನಕ್ಷೆಯ ಮೇಲೆ ನೋಡಿದರೆ ಬಹಳ ಚೆಂದ ಇದ್ದಿರಬೇಕು. ಆದರೆ ಸಪಾಟು ಮಾಡು, ಇಂಗ್ಲೆಂಡಿನ ಮಳೆ. ಮಲೆನಾಡಿನ ಯಾವ ಗಾರೆಯವನನ್ನು ಕೇಳಿದ್ದರೂ ಹೇಳುತ್ತಿದ್ದ. ಹತ್ತಿರದ ಬೀನ್‌ಹಿಲ್ ಬಡಾವಣೆಯನ್ನು ರೂಪಿಸಿದವರು ಆಮೇಲೆ ಜಗತ್ಪ್ರಸಿದ್ಧರಾದ ನಾರ್ಮನ್ ಫಾಸ್ಟರ್. ಲೋಹದ ತಗಡು ಹೊದಿಸಿದ, ಸಪಾಟು ಮಾಡಿನ ಒಂದಂತಸ್ತಿನ ಮನೆಗಳು. ಅವೂ ಸೋರಿದವು. ಕೊನೆಗೆ ಅವುಗಳ ಮೇಲೆ ಇಳಿಜಾರು ಮಾಡು ಕೂರಿಸಿದರು. ಮಕ್ಕಳು ಬಿಡಿಸುವ ಚಿತ್ರದ ಮನೆಗಳ ಹಾಗೆ ಈಗ ಕಾಣುತ್ತವೆ. ಎರಡೂ ಈಗ ಊರಿನ ಬಡ ಬಡಾವಣೆಗಳ ಪಟ್ಟಿಯಲ್ಲಿವೆ.

"ಹಾಗಾದರೆ ಮೋಸವಾಯ್ತು ಅನ್ನಿಸಲಿಲ್ಲವೇ?" ಎಂದೆ. ಅವರು ತಮ್ಮ ಹಳೆಯ ಮನೆಯ ಕಿಟಕಿಯನ್ನೇ ನೋಡುತ್ತಿದ್ದರು. "ಬಕೆಟ್ ಇಟ್ಟುಕೊಂಡಿದ್ದೆವು" ಅಂದರು. "ಬಿಸಿನೀರೂ ಬರುತ್ತಿತ್ತಲ್ಲ."

ನಡುಪೇಟೆಯ ಮೂರು ದೊಡ್ಡ ಬೀದಿಗಳ ಹೆಸರು ಸಿಲ್ಬರಿ, ಏವ್‌ಬರಿ, ಮಿಡ್‌ಸಮರ್. ಮೊದಲೆರಡು ಇಂಗ್ಲೆಂಡಿನ ಶಿಲಾಯುಗದ ದಿಬ್ಬ ಮತ್ತು ಕಲ್ಲಿನ ವೃತ್ತದ ಹೆಸರುಗಳು. ಎಪ್ಪತ್ತರ ದಶಕದ ತರುಣ ವಾಸ್ತುಶಿಲ್ಪಿಗಳ ಉತ್ಸಾಹ! ಅವರು ಇನ್ನೂ ಒಂದು ಮಾಡಿದರು. ಮಿಡ್‌ಸಮರ್ ಬೀದಿಯನ್ನು ವರ್ಷದ ಅತಿ ಉದ್ದದ ಹಗಲಿನ ಸೂರ್ಯೋದಯಕ್ಕೆ ಹೊಂದಿಸಿದರು. ಅಂದು ಮೂಡುವ ಸೂರ್ಯ ಬೀದಿಯ ನೇರಕ್ಕೆ ಬಂದು ಪಶ್ಚಿಮದ ತುದಿಯ ರೈಲು ನಿಲ್ದಾಣದ ಗಾಜಿನಲ್ಲಿ ಹೊಳೆಯಬೇಕು. ಅಮ್ಮನಿಗೆ ಇದನ್ನು ಹೇಳಿದ ತಕ್ಷಣ "ಗವಿ ಗಂಗಾಧರೇಶ್ವರನ ಗುಡಿ ಇದ್ದಹಾಗೆ" ಅಂದಳು. ಅಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೋಡುಗಳ ನಡುವಿನಿಂದ ಬಿಸಿಲು ಲಿಂಗಕ್ಕೆ ಬೀಳುತ್ತದೆ. ನೋಡಲೇಬೇಕು ಎಂದು ಹಠ ಹಿಡಿದಳು. ಜೂನ್ 21ರ ಬೆಳಗಿನ ಜಾವ ಸ್ವೆಟರು, ಶಾಲು, ಫ್ಲಾಸ್ಕಿನಲ್ಲಿ ಕಾಫಿ ಸಮೇತ ನಾಲ್ಕೂವರೆಗೆ ನಿಲ್ದಾಣದ ಮುಂದೆ ನಿಂತೆವು.

ಮೋಡ. ನಾಲ್ಕು ಮುಕ್ಕಾಲಿಗೆ ಸೂರ್ಯ ಹುಟ್ಟಿರಬೇಕು, ನಮಗೆ ಕಾಣಲಿಲ್ಲ. ಮೋಡವೊಂದೇ ಅಡ್ಡವಲ್ಲ. ಬೀದಿಯ ನಡುವೆ 2000ದಲ್ಲಿ ಶಾಪಿಂಗ್ ಕಟ್ಟಡವೊಂದನ್ನು ಎತ್ತಿ ನಿಲ್ಲಿಸಿದ್ದಾರೆ. ಬೀದಿಯೇ ಅಲ್ಲಿ ತುಂಡಾಗಿದೆ. ಸೂರ್ಯನಿಗೆಂದು ಹಾಕಿದ ದಾರಿಯಲ್ಲಿ ಅಂಗಡಿ! ಸ್ವಲ್ಪ ಹೊತ್ತಿನ ಮೇಲೆ ಮೋಡ ಹರಿಯಿತು. ಕಟ್ಟಡದ ನೆತ್ತಿಯ ಮೇಲಿಂದ ಒಂದು ತೆಳುವಾದ ಬೆಳಕು ಇಳಿದು, ನಮ್ಮ ಹಿಂದಿನ ಗಾಜು ಎರಡು ನಿಮಿಷ ತಾಮ್ರದ ಬಣ್ಣಕ್ಕೆ ತಿರುಗಿತು. ಅಮ್ಮ ಕೈಮುಗಿದಳು. ಲಂಡನ್ನಿನ ಮೊದಲ ಟ್ರೇನಿಗೆ ಬಂದ ನಾಲ್ಕೈದು ಜನ ನಮ್ಮನ್ನು ನೋಡಿ, ನಾವು ನೋಡುತ್ತಿದ್ದುದನ್ನು ನೋಡದೆ, ಒಳಗೆ ಹೋದರು.

ಹಳೆಯ ಶಾಪಿಂಗ್ ಸೆಂಟರ್ ಬೇರೆ ಇದೆ. 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಉದ್ಘಾಟಿಸಿದ್ದು. ಸರ್ಕಾರಿ ನಿಗಮವೊಂದು ಸರ್ಕಾರದ ಸಾಲದಲ್ಲಿ ಕಟ್ಟಿದ್ದನ್ನು, ಅಂಥ ನಿಗಮಗಳನ್ನು ಕಂಡರಾಗದ ಪ್ರಧಾನಿ ಬಂದು ಬಾಗಿಲು ತೆರೆದರು. ಗಾಜು, ಉಕ್ಕು, ಒಳಗೆ ಮರಗಳು, ಬೆಳಕು. 2010ರಲ್ಲಿ ಅದನ್ನು ರಕ್ಷಿತ ಕಟ್ಟಡವೆಂದು ಘೋಷಿಸಿದರು. ಮೂವತ್ತೊಂದು ವರ್ಷದ ಮಾಲ್ ಒಂದಕ್ಕೆ ಹಳೆಯ ಅರಮನೆಗಳ ಸಾಲಿನಲ್ಲಿ ಜಾಗ!

ಅಮ್ಮ ಮೂರು ತಿಂಗಳು ಇದ್ದಳು. ಮೊದಲ ವಾರ ಮನೆಯೊಳಗೇ ಕೂತು, ಎರಡನೇ ವಾರ ಬೇಸರ ಬಂದು, ನನ್ನ ಹೆಂಡತಿಯ ಜೊತೆ ಕೆಂಪುದಾರಿಗೆ ಇಳಿದಳು. "ಅತ್ತೆ ಇವತ್ತು ನಾಲ್ಕು ಕಿಲೋಮೀಟರ್ ನಡೆದ್ರು" ಎಂದು ಇವಳು ಫೋನ್ ಮಾಡಿದಾಗ ನಂಬಲಿಲ್ಲ. ಆಮೇಲೆ ಒಬ್ಬಳೇ ಹೋಗತೊಡಗಿದಳು. ಸಂಜೆ ವರದಿ ಕೊಡುವುದು: ಸೇತುವೆಯ ಕೆಳಗೆ ಯಾರೋ ಟೆಂಟು ಹಾಕಿಕೊಂಡಿದ್ದಾರೆ ಪಾಪ, ಕೆರೆ ಪಕ್ಕದಲ್ಲಿ ಕಾಡು ಹಣ್ಣು ಬಿಟ್ಟಿದೆ ಯಾರೂ ಕೀಳಲ್ಲ, ಇವತ್ತು ಒಂದು ಡಬ್ಬಿ ಎದುರಿಗೆ ಬಂತು. ಡಬ್ಬಿಯೆಂದರೆ ಆರು ಗಾಲಿಯ ಪುಟ್ಟ ರೋಬೋ. 2018ರಿಂದ ಮನೆಮನೆಗೆ ಹಾಲು ಬ್ರೆಡ್ಡು ತಂದುಕೊಡುತ್ತವೆ, ಈ ದಾರಿಗಳಲ್ಲೇ ಓಡಾಡುತ್ತವೆ. ಅಮ್ಮ ಅದಕ್ಕೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು, ಅದು ಅವಳಿಗೆ ದಾರಿ ಬಿಡಲು ನಿಂತಿರುತ್ತಿತ್ತು. ಇಬ್ಬರೂ ಹಾಗೇ ನಿಂತಿರುವುದನ್ನು ನಾನೇ ಒಮ್ಮೆ ನೋಡಿದ್ದೇನೆ.

ಹಳ್ಳಿಗಳನ್ನು ಕಂಡುಹಿಡಿದವಳೂ ಅವಳೇ. ಹೊಸ ಮನೆಗಳ ಸಾಲು ಮುಗಿದು ಒಂದು ತಿರುವು ತಿರುಗಿದರೆ ಸಾಕು, ಹುಲ್ಲುಮಾಡಿನ ಮನೆ, ಹಳೆಯ ಚರ್ಚು, ಗೋರಿಕಲ್ಲುಗಳು. ಯೋಜಕರು ಅವನ್ನು ಕೆಡವಲಿಲ್ಲ, ಚೌಕಗಳ ಮಡಿಲಲ್ಲಿ ಹಾಗೇ ಬಿಟ್ಟರು. ಲೌಟನ್, ವುಫ್ಟನ್, ಬ್ರಾಟನ್. ಮೂರಕ್ಕೂ ಇಂಗ್ಲಿಷಿನಲ್ಲಿ ಕಾಗುಣಿತ ಒಂದೇ ಥರ, ಶುರುವಿನ ಒಂದೆರಡು ಅಕ್ಷರ ಮಾತ್ರ ಬೇರೆ. ಉಚ್ಚಾರ ಮೂರು ಥರ. ತಪ್ಪಾಗಿ ಹೇಳಿದರೆ ಹೊಸಬನೆಂದು ಗೊತ್ತಾಗುತ್ತದೆ. ವುಫ್ಟನ್ನಿನ ನಡುವೆ ವಿಶಾಲವಾದ ಹುಲ್ಲುಬಯಲಿದೆ. ಅಲ್ಲಿ ಕೂತಾಗ ಮಾತ್ರ ಅಮ್ಮ "ಇದು ಊರು" ಅಂದಳು.

ವಿಲ್ಲನ್ ಕೆರೆಯ ದಂಡೆಯಲ್ಲಿ 1980ರಲ್ಲಿ ಜಪಾನಿನ ಬೌದ್ಧ ಭಿಕ್ಷುಗಳು ಕಟ್ಟಿದ ಶಾಂತಿ ಪಗೋಡ ಇದೆ. ಪಶ್ಚಿಮದ ದೇಶಗಳಲ್ಲಿ ಅಂಥದು ಅದೇ ಮೊದಲಂತೆ. ಅಮ್ಮ ಚಪ್ಪಲಿ ಬಿಟ್ಟು ಮೂರು ಪ್ರದಕ್ಷಿಣೆ ಹಾಕಿದಳು. ಕೆರೆ ಕೂಡ ಅಂದಕ್ಕೆ ಮಾಡಿದ್ದಲ್ಲ. ಇಷ್ಟೊಂದು ಡಾಂಬರು, ಮಾಡುಗಳ ಮೇಲೆ ಬಿದ್ದ ಮಳೆನೀರು ಒಮ್ಮೆಲೇ ಹೊಳೆಗೆ ನುಗ್ಗದಂತೆ ಹಿಡಿದಿಡಲು ತೋಡಿದ್ದು. ಫರ್ಜ್‌ಟನ್, ಕ್ಯಾಲ್ಡಿಕಾಟ್ ಕೆರೆಗಳೂ ಅಷ್ಟೆ. ಹೊಳೆ ಹರಡುವ ತಗ್ಗಿನಲ್ಲಿ ಮನೆ ಕಟ್ಟದೆ ಉದ್ದಕ್ಕೂ ಉದ್ಯಾನ ಮಾಡಿ ಬಿಟ್ಟಿದ್ದಾರೆ. ರಾಜಕಾಲುವೆ ಮೇಲೆ ಮನೆ ಕಟ್ಟಿ ಪ್ರತಿ ಮಳೆಗಾಲಕ್ಕೂ ದೋಣಿ ಇಳಿಸುವ ಊರಿನಿಂದ ಬಂದವನಿಗೆ ಇದನ್ನು ನೋಡಿದರೆ ಹೊಟ್ಟೆಯುರಿ.

ಕಾಂಕ್ರೀಟ್ ಹಸುಗಳನ್ನೂ ತೋರಿಸಿದೆ. 1978ರಲ್ಲಿ ಲಿಜ್ ಲೇ ಎಂಬ ಕಲಾವಿದೆ ಇಲ್ಲಿನ ಮಕ್ಕಳ ಜೊತೆಗೂಡಿ ಮಾಡಿದ ಮೂರು ಹಸು, ಮೂರು ಕರು. ಪತ್ರಿಕೆಗಳು ಇವನ್ನಿಟ್ಟುಕೊಂಡು ವರ್ಷಗಟ್ಟಲೆ ಊರನ್ನು ಆಡಿಕೊಂಡವು. ಪುಂಡರು ಒಮ್ಮೆ ಜೀಬ್ರಾ ಪಟ್ಟೆ ಬಳಿದದ್ದೂ ಇದೆ. ಮೂಲದವು ಈಗ ಮ್ಯೂಸಿಯಮ್ಮಿನಲ್ಲಿವೆ, ಬಯಲಲ್ಲಿರುವುದು ನಕಲು. ಅಮ್ಮ ಹಿಂದೆ ಮುಂದೆ ಸುತ್ತಿ ನೋಡಿ "ಕೆಚ್ಚಲು ಸರಿಯಾಗಿಲ್ಲ" ಎಂದು ತೀರ್ಪು ಕೊಟ್ಟಳು.

ಈ ಊರಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಕಣ್ಣಿಗೆ ಕಾಣುವಂಥದ್ದಲ್ಲ, ಲೆಕ್ಕದ ಪುಸ್ತಕದಲ್ಲಿ ಇರುವಂಥದ್ದು. ನಿಗಮ ರೈತರ ಭೂಮಿ ಕೊಂಡಾಗ, ಹೊಸ ಊರು ಬರುತ್ತದೆಂಬ ಕಾರಣಕ್ಕೆ ಏರುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವ ಹಾಗಿರಲಿಲ್ಲ, ಕಾನೂನೇ ಹಾಗಿತ್ತು. ಹೆಚ್ಚುಕಡಿಮೆ ಹೊಲದ ಬೆಲೆಗೇ ಸಿಕ್ಕಿತು. ರೈತರು ಸಿಟ್ಟಾದರು, ಆಗಲೇಬೇಕಿತ್ತು. ಜಮೀನು ಕಳೆದುಕೊಂಡವರ ಸಂಕಟ ದೇವನಹಳ್ಳಿಯಲ್ಲೂ ಒಂದೇ, ಬಕಿಂಗ್‌ಹ್ಯಾಮ್‌ಶೈರಿನಲ್ಲೂ ಒಂದೇ. ಆದರೆ ಆಮೇಲೆ ಏರಿದ ಬೆಲೆ ನಡುವಿನ ದಲ್ಲಾಳಿಯ ಜೇಬಿಗೆ ಹೋಗದೆ ರಸ್ತೆ, ಕೆರೆ, ಮರಗಳಾಗಿ ಊರಿಗೇ ಬಂತು.

1992ರಲ್ಲಿ ನಿಗಮವನ್ನು ಮುಚ್ಚಿದಾಗ ಇಷ್ಟೊಂದು ಉದ್ಯಾನಗಳನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಬಂತು. ಕೌನ್ಸಿಲ್ಲಿಗೆ ಕೊಟ್ಟರೆ, ಹಣ ಮುಗಿದ ವರ್ಷ ಮೊದಲು ಕತ್ತರಿ ಬೀಳುವುದು ಹುಲ್ಲು ಕೊಯ್ಯುವವನ ಸಂಬಳಕ್ಕೇ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಪಾರ್ಕ್ಸ್ ಟ್ರಸ್ಟ್ ಎಂಬುದನ್ನು ಹುಟ್ಟುಹಾಕಿ, ಉದ್ಯಾನಗಳನ್ನು 999 ವರ್ಷದ ಗುತ್ತಿಗೆಗೆ ಕೊಟ್ಟು, ಜೊತೆಗೆ ಸುಮಾರು 2 ಕೋಟಿ ಪೌಂಡಿನ ಆಸ್ತಿ, ಬಾಡಿಗೆ ಬರುವ ಕಟ್ಟಡಗಳನ್ನೂ ಬಿಟ್ಟುಕೊಟ್ಟರು. ಆ ಬಾಡಿಗೆಯಲ್ಲಿ ಇಂದಿಗೂ ಮರಗಳ ಆರೈಕೆ ನಡೆಯುತ್ತಿದೆ.

ಅಮ್ಮನಿಗೆ ಇದನ್ನು ವಿವರಿಸಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. "ಗುಡಿಗೆ ಇನಾಂ ಜಮೀನು ಬಿಟ್ಟಹಾಗೆ" ಅಂದಳು. ನಂದಾದೀಪದ ಎಣ್ಣೆಗೆ ಇಷ್ಟು ಗದ್ದೆ, ಹೂವಿಗೆ ಇಷ್ಟು ತೋಟ. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಜಮೀನು ಬಿಡುತ್ತಿದ್ದ ಕಟ್ಟುಕೊಡಗೆ ನಮ್ಮ ಶಾಸನಗಳ ತುಂಬ ಇದೆ. ನಾವು ಮರೆತೆವು. ಇವರು ನಮ್ಮಿಂದ ಕಲಿತದ್ದಲ್ಲ, ತಮ್ಮ ಪಾಡಿಗೆ ತಾವು ಅಲ್ಲಿಗೇ ಬಂದು ಮುಟ್ಟಿದರು.

ಮೂರು ಸಲ ಅರ್ಜಿ ಹಾಕಿ ಸೋತ ಮೇಲೆ 2022ರಲ್ಲಿ, ರಾಣಿ ಪಟ್ಟಕ್ಕೆ ಬಂದ ಎಪ್ಪತ್ತನೇ ವರ್ಷಾಚರಣೆಯ ನೆಪದಲ್ಲಿ, ಮಿಲ್ಟನ್ ಕೀನ್ಸ್‌ಗೆ ಅಧಿಕೃತವಾಗಿ 'ನಗರ' ಎಂಬ ಪಟ್ಟ ಸಿಕ್ಕಿತು. 2021ರ ಜನಗಣತಿಯಲ್ಲಿ ಸುತ್ತಲಿನ ಪ್ರದೇಶವೂ ಸೇರಿ 2.87 ಲಕ್ಷ ಜನ. 2050ರ ಹೊತ್ತಿಗೆ 4 ಲಕ್ಷ ದಾಟಿಸಬೇಕೆಂಬ ಯೋಜನೆಯಿದೆ, ಅದರಲ್ಲಿ ಎಲ್ಲರನ್ನೂ ಬೇಗ ಸಾಗಿಸುವ ಹೊಸ ಸಾರಿಗೆಯ ಮಾತೂ ಇದೆ. ಪೂಲಿ ಇದ್ದಿದ್ದರೆ ನಗುವ ಸರದಿ ಅವರದಾಗುತ್ತಿತ್ತು. ಪೂರ್ವದ ಕಡೆಯ ಹೊಸ ಬಡಾವಣೆಗಳಲ್ಲಿ ಚೌಕಳಿ ರಸ್ತೆಯನ್ನೇ ಕೈಬಿಟ್ಟು, ಎಲ್ಲ ಊರುಗಳ ಹಾಗೆ ಮನೆಗಳು ರಸ್ತೆಗೆ ಮುಖಮಾಡುವಂತೆ ಕಟ್ಟಿದ್ದಾರೆ. ಅಲ್ಲಿ ಹೋದರೆ ಊರು ಕಾಣುತ್ತದೆ. ಜೊತೆಗೆ ಟ್ರಾಫಿಕ್ ಜಾಮೂ ಕಾಣುತ್ತದೆ. ಹಳೆಯ ಚೌಕಗಳ ಜನ ಇದನ್ನು ಆಡಿಕೊಳ್ಳುವುದು ಕೇಳಬೇಕು: ಇದು ಮಿಲ್ಟನ್ ಕೀನ್ಸೇ ಅಲ್ಲವಂತೆ.

ಅಮ್ಮ ಆಗಸ್ಟಿನಲ್ಲಿ ವಾಪಸು ಹೋದಳು. ಡಿಸೆಂಬರಿನ ಒಂದು ಬೆಳಿಗ್ಗೆ ಎಚ್ 6ರಲ್ಲಿ ಕಾರು ನಿಧಾನವಾಯಿತು, ಮುಂದೆ ಏನೋ ಅಪಘಾತ. ಸುಮ್ಮನೆ ಪಕ್ಕಕ್ಕೆ ನೋಡಿದೆ. ಎಲೆ ಪೂರ್ತಿ ಉದುರಿತ್ತು. ಬೋಳು ಕೊಂಬೆಗಳ ಹಿಂದೆ, ಮೂವತ್ತು ನಲವತ್ತು ಅಡಿಯಾಚೆ, ಮನೆಗಳು. ಒಂದರ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು, ಯಾರೋ ಸಿಂಕಿನ ಮುಂದೆ ನಿಂತಿದ್ದರು. ಹಿತ್ತಲಲ್ಲಿ ಮಕ್ಕಳ ಜಾರುಬಂಡೆ, ತೆಗೆಯಲು ಮರೆತ ಒಗೆದ ಬಟ್ಟೆ. ಪಕ್ಕದ ಸೀಟಿನಲ್ಲಿದ್ದ ಹೆಂಡತಿಗೆ ಫೋಟೋ ತೆಗೆಯಲು ಹೇಳಿ ಅಮ್ಮನಿಗೆ ಕಳಿಸಿದೆವು. ಐದು ನಿಮಿಷಕ್ಕೆ ಧ್ವನಿಸಂದೇಶ ಬಂತು, ಹಿಂದೆ ಕುಕ್ಕರಿನ ವಿಷಲ್ಲು: "ಓಹೋ, ಇಷ್ಟು ಹತ್ತಿರ ಇತ್ತಾ! ನಿಮ್ಮ ಮನೆ ಯಾವ್ದೋ ಇದರಲ್ಲಿ?"

ಫೋಟೋವನ್ನು ದೊಡ್ಡದು ಮಾಡಿ ನೋಡಿದೆವು. ನಮ್ಮ ಮನೆ ಅದರಲ್ಲಿರಲಿಲ್ಲ. ನಮ್ಮದು ಇನ್ನೂ ಎರಡು ರೌಂಡಬೌಟ್ ಮುಂದೆ.